ಮನೆ ಮಾರಾಟಕ್ಕಿಡುವ ಮುನ್ನ: ಬೋರ್ಡು ಹಾಕುವುದಕ್ಕೂ ಮೊದಲು ಮುಗಿಸಬೇಕಾದ ಕೆಲಸಗಳು

"ಮನೆ ಮಾರಬೇಕೆಂದಿದ್ದೇವೆ. ಬಣ್ಣ ಹೊಡೆಸಿದರೆ ಎಷ್ಟು ಹೆಚ್ಚು ಬೆಲೆ ಸಿಗಬಹುದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಉತ್ತರಿಸುವ ಮೊದಲು ನಾನು ಕೇಳುವುದು ಇಷ್ಟೇ: ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿನ ದಾಖಲೆ, ಯಾರ ಹೆಸರಿನಲ್ಲಿದೆ? ಬಹಳ ಮಂದಿಗೆ ಮಾತು ಅಲ್ಲಿಗೇ ನಿಲ್ಲುತ್ತದೆ. ತಂದೆ ತೀರಿಕೊಂಡು ವರ್ಷಗಳಾಗಿರುತ್ತವೆ, ಖಾತಾ ಇನ್ನೂ ಅವರ ಹೆಸರಿನಲ್ಲೇ ಇರುತ್ತದೆ. ಸಾಲ ತೀರಿ ಎಷ್ಟೋ ಕಾಲವಾಗಿರುತ್ತದೆ, ದಾಖಲೆಯಲ್ಲಿ ಅಡಮಾನ ಹಾಗೆಯೇ ಉಳಿದಿರುತ್ತದೆ.

ನಮ್ಮಲ್ಲಿ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ಬ್ಯಾಂಕ್ ಸಾಲ ತೆಗೆದುಕೊಳ್ಳುತ್ತಾರೆ. ಅಂದರೆ ನಿಮ್ಮ ಮನೆಯನ್ನು ಕೊನೆಗೆ ಒಪ್ಪಬೇಕಾದವರು ಬ್ಯಾಂಕಿನ ವಕೀಲರು. ಅವರು ಗೋಡೆಯ ಬಣ್ಣ ನೋಡುವುದಿಲ್ಲ. ಆದ್ದರಿಂದ ಕೆಲಸದ ಸರದಿ ಹೀಗಿರಲಿ: ಮೊದಲು ಕಾಗದ, ಆಮೇಲೆ ನೀರಿನ ಸೋರಿಕೆ, ಕಟ್ಟಕಡೆಗೆ ಸುಣ್ಣಬಣ್ಣ. ಈ ಸರದಿ ತಲೆಕೆಳಗಾದ ಮನೆಗಳು ಹೊಸ ಬಣ್ಣ ಬಳಿದುಕೊಂಡು ತಿಂಗಳುಗಟ್ಟಲೆ ಹಾಗೆಯೇ ನಿಂತಿರುವುದನ್ನು ನೋಡಿದ್ದೇನೆ.

ಈ ಲೇಖನ ಕರ್ನಾಟಕದ ನಗರ, ಪಟ್ಟಣಗಳಲ್ಲಿ ಸ್ವಂತ ನಿವೇಶನದ ಮೇಲೆ ಕಟ್ಟಿದ ಮನೆಗಳನ್ನು ಕುರಿತದ್ದು. ಎಲ್ಲ ಸರಿಯಿದ್ದರೂ ಮೂರು ತಿಂಗಳು ಕೈಯಲ್ಲಿಟ್ಟುಕೊಂಡು ಕೆಲಸ ಆರಂಭಿಸಿ. ಮೂಲ ಮಾಲೀಕರು ತೀರಿಕೊಂಡಿದ್ದರೆ ಆರು ತಿಂಗಳಾದರೂ ಬೇಕು.

ಹಂತ 1: ಮಾರುವ ಹಕ್ಕು ಯಾರಿಗಿದೆ?

ಮನೆ ನಿಮ್ಮೊಬ್ಬರ ಹೆಸರಿನಲ್ಲಿದ್ದು, ನಿಮ್ಮ ಸಂಪಾದನೆಯಲ್ಲೇ ಕೊಂಡದ್ದಾದರೆ ಈ ಹಂತವನ್ನು ದಾಟಿ ಮುಂದೆ ಹೋಗಬಹುದು. ಉಳಿದವರು ದಯವಿಟ್ಟು ಇಲ್ಲಿ ನಿಂತು ಓದಿ.

ಹಿಂದೂ ಕುಟುಂಬದ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಅಜ್ಜಿ ಬದುಕಿದ್ದರೆ ಅವರೂ ಸೇರಿ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ಷರತ್ತು ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

"ಅಕ್ಕತಂಗಿಯರಿಗೆ ಅರಿಶಿನ ಕುಂಕುಮಕ್ಕೆಂದು ಆಗಲೇ ಕೊಟ್ಟಿದ್ದೇವೆ, ಅವರೇನೂ ಕೇಳುವುದಿಲ್ಲ" ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳುತ್ತೇವೆ. ಬಾಯಿಮಾತಿನ ಆ ಲೆಕ್ಕಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಒಂದೋ ಅವರೂ ಕ್ರಯಪತ್ರಕ್ಕೆ ಸಹಿ ಹಾಕಿ ತಮ್ಮ ಪಾಲಿನ ಹಣ ಪಡೆಯಬೇಕು, ಇಲ್ಲವೇ ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರವನ್ನು ಮನಸಾರೆ ನೋಂದಾಯಿಸಿಕೊಡಬೇಕು. ನೋಂದಣಿಯ ಹಿಂದಿನ ದಿನ ಫೋನು ಮಾಡಿ "ಬಂದು ಒಂದು ಸಹಿ ಹಾಕಿ ಹೋಗು" ಎನ್ನಬೇಡಿ. ಕಾನೂನಿನ ಮಾತು ಹಾಗಿರಲಿ, ಹುಟ್ಟಿದ ಮನೆಯನ್ನು ಮಾರುವ ವಿಷಯ ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯಬೇಕು.

ಬೇಕಾಗುವುದು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ವಂಶವೃಕ್ಷವೆಂದರೆ ತೀರಿಕೊಂಡವರ ವಾರಸುದಾರರ ಅಧಿಕೃತ ಪಟ್ಟಿ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಇವೆರಡರ ಆಧಾರದ ಮೇಲೆ ಖಾತಾವನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಇದನ್ನೇ ಪೌತಿ ಖಾತೆ ಎನ್ನುತ್ತಾರೆ. ವಂಶವೃಕ್ಷದಲ್ಲಿ ಯಾರ ಹೆಸರನ್ನಾದರೂ ಬಿಟ್ಟರೆ ಮುಂದೆ ಮಾರಾಟವೇ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಪಾಲುದಾರರಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದರೆ ನ್ಯಾಯಾಲಯದ ಅನುಮತಿ ಬೇಕಾಗಬಹುದು, ಆದ್ದರಿಂದ ಮೊದಲೇ ವಕೀಲರನ್ನು ಕಾಣಿ.

ಪಾಲುದಾರರು ವಿದೇಶದಲ್ಲಿದ್ದರೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬೇಕು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಬೇಕು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ಮೀರಿ ತೊಂದರೆಗೆ ಸಿಲುಕುವವರು ಅನೇಕರು.

ಹಂತ 2: ಕಾಗದದ ಕಡತ

ಒಂದು ಕಡತ ಮಾಡಿ, ಇವನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ:

- ಮೂಲಪತ್ರ: ನಿವೇಶನ ಮೊದಲು ಯಾರಿಂದ ಯಾರಿಗೆ ಹೋಯಿತು ಎಂಬುದರ ದಾಖಲೆ. ಪ್ರಾಧಿಕಾರದ ಬಡಾವಣೆಯಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ ಮತ್ತು ಪರಿಪೂರ್ಣ ಕ್ರಯಪತ್ರ. ಖಾಸಗಿ ಬಡಾವಣೆಯಾದರೆ ಭೂಪರಿವರ್ತನೆ ಆದೇಶ ಮತ್ತು ಬಡಾವಣೆ ಅನುಮೋದನೆ.
- ನಿಮ್ಮ ಕ್ರಯಪತ್ರ, ಅಥವಾ ವಿಭಾಗ ಪತ್ರ, ದಾನಪತ್ರ, ಉಯಿಲು.
- ಇ-ಖಾತಾ, ಅಂದರೆ ಖಾತಾದ ಡಿಜಿಟಲ್ ರೂಪ.
- ಋಣಭಾರ ಪ್ರಮಾಣಪತ್ರ. ಎಲ್ಲರ ಬಾಯಲ್ಲಿ ಇದು ಇಸಿ.
- ಅನುಮೋದಿತ ನಕ್ಷೆ, ಕಟ್ಟಡ ಪರವಾನಗಿ, ಇದ್ದರೆ ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ).
- ಈವರೆಗಿನ ಆಸ್ತಿ ತೆರಿಗೆ ರಸೀದಿಗಳು, ವಿದ್ಯುತ್ ಮತ್ತು ನೀರಿನ ಇತ್ತೀಚಿನ ಬಿಲ್ಲುಗಳು.

ಇವುಗಳಲ್ಲಿ ಹೆಚ್ಚು ಕಾಡುವುದು ಇ-ಖಾತಾ ಮತ್ತು ಇಸಿ.

ಖಾತಾ ಎಂದರೆ ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿ ನಿಮ್ಮ ಆಸ್ತಿಯ ಲೆಕ್ಕ. ಅದೊಂದರಿಂದಲೇ ಮಾಲೀಕತ್ವ ಸಾಬೀತಾಗುವುದಿಲ್ಲ, ಆದರೆ ಅದಿಲ್ಲದೆ ಈಗ ಮಾರಾಟವೂ ಆಗುವುದಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಕ್ರಯಪತ್ರ ನೋಂದಣಿಗೆ ಇ-ಖಾತಾ ಕಡ್ಡಾಯ. ಬೇರೆ ನಗರ, ಪಟ್ಟಣಗಳಲ್ಲಿ ಇದು ಇ-ಆಸ್ತಿ ವ್ಯವಸ್ಥೆಯಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ಮೂಲಕ ನಮೂನೆ 9 ಮತ್ತು 11ರ ರೂಪದಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಎ ಖಾತಾವೋ ಬಿ ಖಾತಾವೋ, ಪಂಚಾಯಿತಿಯಲ್ಲಿ 11ಎ ಇದೆಯೋ 11ಬಿ ಇದೆಯೋ ಎಂದು ಮೊದಲೇ ನೋಡಿಕೊಳ್ಳಿ. ಎ ಎಂದರೆ ಅನುಮೋದನೆಗಳು ಸರಿಯಿರುವ ಆಸ್ತಿ, ಬಿ ಎಂದರೆ ಅವುಗಳಲ್ಲಿ ಕೊರತೆಯಿರುವ ಆಸ್ತಿ. ಬಿ ಇದ್ದರೆ ಅನೇಕ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ, ಆಗ ಕೊಳ್ಳುವವರ ಸಂಖ್ಯೆಯೂ ಬೆಲೆಯೂ ಇಳಿಯುತ್ತವೆ. ಅದನ್ನು ಮುಚ್ಚಿಟ್ಟು ಮಾತುಕತೆ ಶುರು ಮಾಡಬೇಡಿ. ಒಂದಲ್ಲ ಒಂದು ದಿನ ಅದು ಹೊರಬರುತ್ತದೆ, ಆ ಹೊತ್ತಿಗೆ ನಿಮ್ಮ ಮೇಲಿನ ನಂಬಿಕೆ ಹೋಗಿರುತ್ತದೆ.

ಇ-ಖಾತಾದಲ್ಲಿ ಹೆಚ್ಚಿನ ತಡೆ ಬರುವುದು ಹೆಸರಿನಿಂದ. ಕ್ರಯಪತ್ರದಲ್ಲಿ ಊರಿನ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಕಾಗುಣಿತ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸವಿದ್ದರೆ ಆಧಾರ್ ತಿದ್ದುಪಡಿ ಅಥವಾ "ಇಬ್ಬರೂ ಒಬ್ಬರೇ" ಎಂಬ ಪ್ರಮಾಣಪತ್ರದ ಕೆಲಸವನ್ನು ಇಂದೇ ಶುರು ಮಾಡಿ.

ಇಸಿ ನಿಮ್ಮ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್‌ನಲ್ಲೇ ಪಡೆಯಬಹುದು. ಆದರೆ ಗಣಕೀಕೃತ ದಾಖಲೆ ಇರುವುದು 2004ರಿಂದ ಈಚೆಗೆ. ಅದಕ್ಕಿಂತ ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷಗಳ ಇಸಿ ಕೇಳುವುದರಿಂದ ಎರಡನ್ನೂ ತರಿಸಿಡಿ. ಕೈಗೆ ಬಂದ ಮೇಲೆ ಪ್ರತಿ ಸಾಲನ್ನೂ ಓದಿ. ನಿವೇಶನ ಸಂಖ್ಯೆ ತಪ್ಪಾಗಿದೆಯೇ? ತೀರಿದ ಸಾಲ ಇನ್ನೂ ಕಾಣುತ್ತಿದೆಯೇ? ಮಧ್ಯದಲ್ಲಿ ಯಾವುದಾದರೂ ಕ್ರಯ ಬಿಟ್ಟುಹೋಗಿದೆಯೇ?

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ಟೇಪು ಹಿಡಿದು ನಿವೇಶನವನ್ನು ಅಳೆಯಿರಿ. ಕ್ರಯಪತ್ರದ ಕೊನೆಯಲ್ಲಿ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುವ ಚಕ್ಕುಬಂದಿಯೊಂದಿಗೆ ಹೋಲಿಸಿ. ಪತ್ರದಲ್ಲಿ 30x40 ಇದ್ದು ನೆಲದಲ್ಲಿ ಒಂದೂವರೆ ಅಡಿ ಕಡಿಮೆ ಇದ್ದರೆ ಕೊಳ್ಳುವವರು ಅದನ್ನು ಕಂಡುಹಿಡಿದೇ ಹಿಡಿಯುತ್ತಾರೆ. ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ನಿಮಗೆ ಮನೆ ಮಾರಿದವರ ಸಹಿ ಬೇಕು. ಅವರನ್ನು ಹುಡುಕಲು ಸಮಯ ಹಿಡಿಯುತ್ತದೆ.

ಎಚ್ಚರಿಕೆ: ಮೂಲ ಪತ್ರಗಳನ್ನು ಬ್ರೋಕರ್ ಕೈಗಾಗಲಿ, ಮುಂಗಡ ಕೊಡದವರ ಕೈಗಾಗಲಿ ಕೊಡಬೇಡಿ. ನಕಲು ಕೊಡುವಾಗ ಪ್ರತಿ ಪುಟದ ಮೇಲೆ ಅಡ್ಡವಾಗಿ "ಪರಿಶೀಲನೆಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಕ್ರಯಪತ್ರದ ಪುಟಗಳಲ್ಲಿ ನಿಮ್ಮ ಹೆಬ್ಬೆರಳ ಗುರುತೂ ಇರುತ್ತದೆ. ಅಂಥ ಗುರುತುಗಳನ್ನು ನಕಲು ಮಾಡಿ ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ಕದ್ದ ಪ್ರಕರಣಗಳು ಬೆಂಗಳೂರಿನಲ್ಲಿ 2023ರಲ್ಲಿ ಬೆಳಕಿಗೆ ಬಂದವು. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಟ್ಟುಕೊಂಡು, ನೋಂದಣಿಯ ದಿನ ಮಾತ್ರ ತೆರೆಯಿರಿ.

ಹಂತ 3: ಮನೆಯ ಮೇಲಿನ ಸಾಲ

ಸಾಲ ತೀರಿದೆಯಾದರೆ ಎರಡು ಕಾಗದ ಬೇಕು: ಬಾಕಿಯಿಲ್ಲವೆಂಬ ಬ್ಯಾಂಕಿನ ಪತ್ರ ಮತ್ತು ನೋಂದಾಯಿತ ಋಣ ಬಿಡುಗಡೆ ಪತ್ರ. ಎರಡನೆಯದನ್ನು ಮರೆತವರ ಇಸಿಯಲ್ಲೇ ಹಳೆಯ ಅಡಮಾನ ಕಾಣುತ್ತಿರುತ್ತದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬುದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ.

ಸಾಲ ಇನ್ನೂ ನಡೆಯುತ್ತಿದ್ದರೂ ಮನೆ ಮಾರಬಹುದು. ಬ್ಯಾಂಕಿನಿಂದ ಬಾಕಿ ಮೊತ್ತದ ವಿವರವನ್ನೂ, ಅವರ ಬಳಿ ಇರುವ ಪತ್ರಗಳ ಪಟ್ಟಿಯನ್ನೂ ಪಡೆದು ಕಡತಕ್ಕೆ ಸೇರಿಸಿ. ಸಾಲವಿದೆ ಎಂದು ಮೊದಲ ಭೇಟಿಯಲ್ಲೇ ಹೇಳಿ.

ಹಂತ 4: ದುರಸ್ತಿ, ಯಾರಿಗಾಗಿ?

ಒಂದು ರೂಪಾಯಿ ಖರ್ಚು ಮಾಡುವ ಮೊದಲು ನಿಮ್ಮ ಮನೆಯನ್ನು ಯಾರು ಕೊಳ್ಳುತ್ತಾರೆ ಎಂದು ಯೋಚಿಸಿ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಹಳೆಯ ಬಡಾವಣೆಗಳಲ್ಲಿ ದೊಡ್ಡ ನಿವೇಶನದ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟಲೆಂದೇ ಕೊಳ್ಳುವವರು ಬಹಳ. ಅವರು ಚದರಡಿ ಲೆಕ್ಕದಲ್ಲಿ ನೆಲಕ್ಕೆ ಬೆಲೆ ಕಟ್ಟುತ್ತಾರೆ. ಅಲ್ಲಿ ಹೊಸ ಟೈಲ್ಸ್, ಹೊಸ ಅಡುಗೆಕಟ್ಟೆ ಹಾಕಿಸುವುದು ಶುದ್ಧ ನಷ್ಟ. ಕಸ ತೆಗೆಸಿ, ಗಿಡಗಂಟಿ ಕೀಳಿಸಿ, ಗೇಟಿನಿಂದ ಹಿತ್ತಿಲ ಗೋಡೆಯವರೆಗೆ ನಡೆದಾಡುವಂತೆ ಮಾಡಿದರೆ ಸಾಕು.

ವಾಸಕ್ಕೆಂದೇ ಕೊಳ್ಳುವವರು ಬರುವ ಮನೆಯಾದರೆ ನೀರಿನಿಂದ ಶುರು ಮಾಡಿ. ತಾರಸಿಯ ನೀರು ಹೋಗುವ ರಂಧ್ರಗಳಿಗೆ ಬಟ್ಟೆ ತುರುಕಿ ಎರಡು ಅಂಗುಲ ನೀರು ನಿಲ್ಲಿಸಿ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಕೆಳಗಿನ ಛಾವಣಿಯನ್ನು, ಮುಖ್ಯವಾಗಿ ಮೂಲೆಗಳನ್ನೂ ಫ್ಯಾನಿನ ಕೊಕ್ಕೆಯ ಸುತ್ತಲನ್ನೂ ನೋಡಿ. ಆರ್‌ಸಿಸಿ ಛಾವಣಿಗೆ ಮಾತ್ರ ಈ ಪರೀಕ್ಷೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಮಾಡಿದ ಹಳೆಯ ಮದ್ರಾಸ್ ತಾರಸಿಯ ಮೇಲೆ ನೀರು ನಿಲ್ಲಿಸಬೇಡಿ. ಬಚ್ಚಲಿನ ಹೊರಗೋಡೆಯ ಬುಡದಲ್ಲಿ ಉಪ್ಪು ಹಿಡಿದು ಬಣ್ಣ ಪುಡಿಪುಡಿಯಾಗಿ ಉದುರುತ್ತಿದ್ದರೆ ಒಳಗಿನ ಪೈಪನ್ನೋ ಟೈಲ್ಸಿನ ಸಂದನ್ನೋ ಸರಿಪಡಿಸಬೇಕು. ಹೊರಗೆ ಪುಟ್ಟಿ ಬಳಿದು ಮುಚ್ಚಿದರೆ ಒಂದೇ ಮಳೆಗೆ ಮತ್ತೆ ಕಾಣುತ್ತದೆ.

ಮುಚ್ಚುವುದು ಬರೀ ಅವಿವೇಕವಲ್ಲ, ತಪ್ಪೂ ಹೌದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ನಿಮಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ನೀವು ತಿಳಿಸಲೇಬೇಕು. ಕೊಳ್ಳುವವರು ತಮ್ಮ ಜೀವಮಾನದ ಉಳಿತಾಯವನ್ನು ನಿಮ್ಮ ಮನೆಗೆ ಹಾಕುತ್ತಿದ್ದಾರೆ. ಸೋರುವ ಮೂಲೆಯನ್ನು ತೋರಿಸಿ, ಅದಕ್ಕೆ ತಕ್ಕಂತೆ ಬೆಲೆ ಮಾತಾಡಿ.

ನೀರಿನ ನಂತರ ಸಣ್ಣಪುಟ್ಟ ಕೆಲಸಗಳು: ಸೋರುವ ನಲ್ಲಿ, ಹಿಡಿದುಕೊಳ್ಳುವ ಬಾಗಿಲು, ಒಡೆದ ಸ್ವಿಚ್ಚು, ತುಕ್ಕು ಹಿಡಿದ ಗೇಟು. ಸಂಪು ಮತ್ತು ಮೇಲಿನ ಟ್ಯಾಂಕನ್ನು ತೊಳೆಸಿಡಿ, ಕೊಳ್ಳುವವರು ಮುಚ್ಚಳ ತೆಗೆದು ನೋಡುತ್ತಾರೆ. ಕೊನೆಗೆ ಬಣ್ಣ. ಒಳಗೆ ತಿಳಿ ಬಣ್ಣ ಒಂದೇ, ಎಲ್ಲ ಕೋಣೆಗೂ. ಹೊರಗೆ ಬಣ್ಣ ಮಾಸಿದ್ದರೆ ಮುಂಭಾಗಕ್ಕಷ್ಟೇ ಹೊಡೆಸಿದರೂ ಸಾಕು. ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಹೋಗಬೇಡಿ. ಬಂದವರು ತಮ್ಮ ಇಷ್ಟದಂತೆ, ತಮ್ಮ ವಾಸ್ತುವಿನಂತೆ ಬದಲಿಸಿಕೊಳ್ಳುತ್ತಾರೆ.

ಬಾಡಿಗೆದಾರರಿದ್ದರೆ ಅವರಿಗೆ ಮೊದಲೇ ತಿಳಿಸಿ. ಕರಾರಿನಲ್ಲಿ ಹೇಳಿದ ಅವಧಿಯ ನೋಟಿಸನ್ನು ಬರಹದಲ್ಲಿ ಕೊಟ್ಟು, ಅವರ ಮುಂಗಡವನ್ನು ಮರಳಿಸಲು ಹಣ ತೆಗೆದಿಡಿ.

ಹಂತ 5: ಬೆಲೆ ಮತ್ತು ತೆರಿಗೆ

ಜಾಹೀರಾತುಗಳಲ್ಲಿ ಕಾಣುವುದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ನಿಮ್ಮ ಬೀದಿಯಲ್ಲೋ ಪಕ್ಕದ ಅಡ್ಡರಸ್ತೆಯಲ್ಲೋ ಇತ್ತೀಚೆಗೆ ಮಾರಿದವರನ್ನು ಕೇಳಿ. ರಸ್ತೆಯ ಅಗಲ, ಮೂಲೆ ನಿವೇಶನ, ಮುಖ ಯಾವ ದಿಕ್ಕಿಗೆ, ಕಾವೇರಿ ನೀರೋ ಬೋರ್‌ವೆಲ್ಲೋ ಎಂಬುದೆಲ್ಲ ಬೆಲೆಯನ್ನು ಏರಿಳಿಸುತ್ತದೆ. ಕಾವೇರಿ ಜಾಲತಾಣದಲ್ಲೇ ನಿಮ್ಮ ಬಡಾವಣೆಯ ಮಾರ್ಗಸೂಚಿ ದರ, ಅಂದರೆ ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ದರವನ್ನು ನೋಡಿಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಅದನ್ನು ಕಟ್ಟುವವರು ಕೊಳ್ಳುವವರೇ ಆದರೂ ಚೌಕಾಸಿಯಲ್ಲಿ ಆ ಭಾರ ನಿಮ್ಮ ಕಡೆಗೂ ವಾಲುತ್ತದೆ.

ನಿಮ್ಮ ಕೈಗೆ ಉಳಿಯುವುದೆಷ್ಟು ಎಂಬುದು ಬಂಡವಾಳ ಲಾಭದ ತೆರಿಗೆಯ ಮೇಲೆ ನಿಂತಿದೆ. ಮನೆ ನಿಮ್ಮಲ್ಲಿ 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅದು ದೀರ್ಘಾವಧಿ ಲಾಭ, ದರ ಶೇ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ, ಭಾರತದ ನಿವಾಸಿಗಳು ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಂಡು ಶೇ 20ರ ಹಳೆಯ ಲೆಕ್ಕವನ್ನೂ ಹಾಕಬಹುದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರಾಯಿತು. 2001ಕ್ಕಿಂತ ಹಿಂದಿನ ಮನೆಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯೆಂದು ಹಿಡಿಯಬಹುದು. ಮಹಡಿ ಕಟ್ಟಿಸಿದ ಬಿಲ್ಲುಗಳಿದ್ದರೆ ಹುಡುಕಿಡಿ, ಅದೂ ಲೆಕ್ಕಕ್ಕೆ ಬರುತ್ತದೆ. ಬಣ್ಣ ಹೊಡೆಸಿದ ಖರ್ಚು ಬರುವುದಿಲ್ಲ. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ತೆರಿಗೆ ವಿನಾಯಿತಿ ಇದೆ. ಲೆಕ್ಕಪರಿಶೋಧಕರನ್ನು ಬೆಲೆ ಹೇಳುವ ಮೊದಲೇ ಕಾಣಿ, ಮಾರಿದ ಮೇಲಲ್ಲ.

ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಅದರ ಶೇ 1ರಷ್ಟನ್ನು ತೆರಿಗೆಯೆಂದು ಮೂಲದಲ್ಲೇ ಕಡಿತ ಮಾಡಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟುತ್ತಾರೆ. ನಿಮ್ಮ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಈ ಕಡಿತ ಶೇ 20ಕ್ಕೆ ಹಾರುತ್ತದೆ, ಆದ್ದರಿಂದ ಇಂದೇ ಪರೀಕ್ಷಿಸಿ. ಮಾರುವವರು ಅನಿವಾಸಿಗಳಾದರೆ ಕಡಿತ ಬಹಳ ಹೆಚ್ಚು. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ.

ಹಂತ 6: ತೋರಿಸುವ ದಿನಗಳು

ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಬಹಳ ಜನ ಮುಂಗಡ ಕೊಡುವುದಿಲ್ಲ. ಅದನ್ನು ನಂಬುವುದು ಬಿಡುವುದು ನಿಮ್ಮಿಷ್ಟ, ಆದರೆ ಮಾರುಕಟ್ಟೆ ನಂಬುತ್ತದೆ. ಕಾಗದದ ಕೆಲಸಕ್ಕೆ ಆ ತಿಂಗಳುಗಳನ್ನು ಬಳಸಿ, ಶ್ರಾವಣಕ್ಕೋ ವಿಜಯದಶಮಿಗೋ ಸಂಕ್ರಾಂತಿಯ ನಂತರವೋ ಮನೆ ತೋರಿಸಲು ಸಿದ್ಧವಾಗಿರಿ. ತಾರಸಿಯ ಕೆಲಸ ಮಾತ್ರ ಮುಂಗಾರಿಗೆ ಮೊದಲೇ ಮುಗಿದಿರಲಿ.

ಅಟ್ಟದ ಮೇಲಿನ ಪಾತ್ರೆ, ಹಳೆಯ ಟ್ರಂಕು, ಮುರಿದ ಕುರ್ಚಿ, ಕಟ್ಟಿಟ್ಟ ಪತ್ರಿಕೆಗಳನ್ನು ಮೊದಲು ಸಾಗಿಸಿ. ಕೋಣೆ ಎಷ್ಟು ದೊಡ್ಡದು ಎಂಬುದು ನೆಲ ಕಂಡಾಗಲೇ ಗೊತ್ತಾಗುವುದು. ಫೋಟೋಗಳನ್ನು ಬೆಳಗಿನ ಬೆಳಕಿನಲ್ಲಿ, ಕಿಟಕಿಗಳನ್ನು ತೆರೆದು, ಮೊಬೈಲ್ ಅಡ್ಡ ಹಿಡಿದು ತೆಗೆಯಿರಿ. ಮನೆ ಸಂಖ್ಯೆ, ಕುಟುಂಬದ ಚಿತ್ರಗಳು, ಬೀರು ಇವು ಕಾಣದಿರಲಿ. ಬ್ರೋಕರ್ ಮೂಲಕ ಮಾರುವುದಾದರೆ ದಲ್ಲಾಳಿ ಹಣ ಎಷ್ಟು, ಯಾವಾಗ ಎಂಬುದನ್ನು ಮೊದಲೇ ಬರೆದುಕೊಳ್ಳಿ.

ಹಂತ 7: ಮುಂಗಡ ಬಂದಾಗ

ಖುಷಿಯಲ್ಲಿ ಎಡವುವುದು ಇಲ್ಲೇ. ಮುಂಗಡವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕ್ರಯದ ಕರಾರಿನಲ್ಲಿ ಬೆಲೆ, ಬಾಕಿ ಹಣದ ಗಡುವು, ಕೊಳ್ಳುವವರಿಗೆ ಸಾಲ ಸಿಗದಿದ್ದರೆ ಮುಂಗಡ ಏನಾಗುತ್ತದೆ, ಮನೆಯೊಂದಿಗೆ ಯಾವ ವಸ್ತುಗಳು ಹೋಗುತ್ತವೆ (ಗೀಸರ್, ಯುಪಿಎಸ್, ಸೌರ ಹೀಟರ್ ವಿಷಯದಲ್ಲಿ ಜಗಳ ಹೆಚ್ಚು) ಎಂಬುದೆಲ್ಲ ಸ್ಪಷ್ಟವಾಗಿ ಇರಲಿ.

ಪೂರ್ತಿ ಹಣ ಬಂದು ಕ್ರಯಪತ್ರ ನೋಂದಣಿಯಾಗುವವರೆಗೆ ಕೀಲಿ ಕೊಡಬೇಡಿ. "ಒಳ್ಳೆಯ ದಿನವಿದೆ, ಹಾಲು ಉಕ್ಕಿಸಿಕೊಳ್ಳುತ್ತೇವೆ" ಎಂದು ಕೇಳುತ್ತಾರೆ. ಪೂಜೆಗೆ ನೀವೇ ಬಾಗಿಲು ತೆರೆದು ಕೊಟ್ಟು, ಸಂಜೆ ನೀವೇ ಬೀಗ ಹಾಕಿಕೊಳ್ಳಿ. ನೋಂದಣಿಯ ದಿನವೇ ವಿದ್ಯುತ್ ಮೀಟರಿನ ಅಂಕಿಯನ್ನು ಇಬ್ಬರೂ ಬರೆದು ಸಹಿ ಮಾಡಿಕೊಳ್ಳಿ, ಆವರೆಗಿನ ಬಿಲ್ಲು ಕಟ್ಟಿಬಿಡಿ. ಮೂಲ ಪತ್ರಗಳನ್ನು ಒಪ್ಪಿಸುವಾಗ ಅವುಗಳ ಪಟ್ಟಿ ಬರೆದು ಸ್ವೀಕೃತಿ ಸಹಿ ಪಡೆಯಿರಿ. ನೋಂದಾಯಿತ ಕ್ರಯಪತ್ರದ ಒಂದು ಪ್ರತಿ ನಿಮ್ಮಲ್ಲೂ ಇರಲಿ, ಮುಂದಿನ ಜುಲೈನಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದು ಬೇಕಾಗುತ್ತದೆ.